ಹಳೆಯ ಡೀಸೆಲ್ ವಾಹನದ ಕಂಪ್ರೆಷನ್ ಪರೀಕ್ಷೆ: ನಂಬತಕ್ಕ ಅಳತೆ ಪಡೆಯುವ ಬಗೆ



ತೋಟದಲ್ಲಿ ಮಳೆಮಾಪಕ ಇಟ್ಟವರಿಗೆಲ್ಲ ಒಂದು ಮಾತು ಗೊತ್ತು. ಮಾಪಕವನ್ನು ಮರದಡಿಯಲ್ಲಿ ಇಟ್ಟರೆ, ಅಥವಾ ಒಂದು ದಿನ ಬೆಳಿಗ್ಗೆ ಎಂಟಕ್ಕೂ ಮರುದಿನ ಮಧ್ಯಾಹ್ನಕ್ಕೂ ಅಳೆದರೆ, ಪುಸ್ತಕದಲ್ಲಿ ಅಂಕಿ ಇರುತ್ತದೆ, ಮಳೆಯ ಲೆಕ್ಕ ಇರುವುದಿಲ್ಲ. ಹೂಮಳೆ ಸಾಕಾಯಿತೋ, ಸ್ಪ್ರಿಂಕ್ಲರ್ ಇಡಬೇಕೋ ಎಂಬುದನ್ನು ಅಂಥ ಅಂಕಿಯ ಮೇಲೆ ತೀರ್ಮಾನಿಸಿದರೆ ನಷ್ಟ ನಮ್ಮದೇ. ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆಯೂ ಇಂಥದ್ದೇ ಒಂದು ಅಳತೆ. ಇದರ ಮೇಲೆ ಎಂಜಿನ್ ಬಿಚ್ಚಬೇಕೇ ಬೇಡವೇ ಎಂಬ ದೊಡ್ಡ ಖರ್ಚಿನ ತೀರ್ಮಾನ ನಿಂತಿದೆ.

ಈ ಪಾಠವನ್ನು ನಾವು ಬರೆಯಲು ಕಾರಣ ನಮ್ಮದೇ ಒಂದು ತಪ್ಪು. ಹನ್ನೆರಡು ವರ್ಷಗಳ ಹಿಂದೆ ಸಂಘದ ಹಳೆಯ ಜೀಪು ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗದಾಯಿತು. ಪೇಟೆಯ ಗ್ಯಾರೇಜೊಂದರಲ್ಲಿ ಒಂದೇ ಸಲ ಗೇಜು ಹಾಕಿ ನೋಡಿ, ನಾಲ್ಕೂ ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ಹೋಗಿದೆ, ಬೋರು ಮಾಡಿಸಬೇಕು ಎಂದರು. ನಾವು ಕಾಗದಕ್ಕೆ ಸಹಿ ಹಾಕಿದೆವು. ಎಂಜಿನ್ ಬಿಚ್ಚಿದ ದಿನ ನೋಡಲು ಹೋದಾಗ ಸಿಲಿಂಡರ್ ಗೋಡೆಯ ಮೇಲೆ ಹಿಂದಿನ ಸಲದ ಹೋನಿಂಗ್ ಗೆರೆಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. ಸವೆಯದ ಎಂಜಿನ್ನನ್ನು ಬಿಚ್ಚಿಸಿದ್ದೆವು. ಹಣ ಸದಸ್ಯರದು, ಸಹಿ ನಮ್ಮದು. ಅಂದಿನಿಂದ ಈ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆಂದು ಕಲಿತೆವು. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಪರೀಕ್ಷೆಯ ತತ್ವ

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಇದೆ. ಡೀಸೆಲ್ಲಿಗೆ ಕಿಡಿ ಇಲ್ಲ, ಗಾಳಿಯನ್ನು ಹಿಂಡಿದಾಗ ಹುಟ್ಟುವ ಬಿಸಿಯೇ ಅದರ ಬೆಂಕಿಕಡ್ಡಿ. ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆಯ ಟ್ರ್ಯಾಕ್ಸ್ ವಾಹನಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಈಗ ಫೋರ್ಸ್ ಮೋಟಾರ್ಸ್ ಎನಿಸಿಕೊಂಡಿರುವ ಬಜಾಜ್ ಟೆಂಪೋ ಕಂಪೆನಿಯು ಇವಕ್ಕೆ ಮರ್ಸಿಡಿಸ್ ಮೂಲದ ಓ.ಎಂ. 616 ಎಂಬ 2.4 ಲೀಟರ್ ಎಂಜಿನ್ನನ್ನು ಅಳವಡಿಸಿತ್ತು. ನಾಲ್ಕು ಸಿಲಿಂಡರ್, ಅಂದರೆ ಒಂದಕ್ಕೆ ಸುಮಾರು 600 ಸಿ.ಸಿ. ಮೂಲ ಎಂಜಿನ್ನಿನಲ್ಲಿ ಹಿಂಡುವ ಪ್ರಮಾಣ 21ಕ್ಕೆ 1. ಪಿಸ್ಟನ್ ಮೇಲೆ ಬಂದಾಗ ಗಾಳಿಗೆ ಉಳಿಯುವ ಜಾಗ ಸುಮಾರು 30 ಸಿ.ಸಿ. ಮಾತ್ರ. ಈ 30 ಸಿ.ಸಿ. ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಎರಡು ಕಡೆ ಬರುತ್ತದೆ.

ಹಿಂಡಿದ ಗಾಳಿ ರಿಂಗು, ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ ಮೂಲಕ ಸೋರಿದರೆ ಒತ್ತಡ ಬೀಳುತ್ತದೆ, ಬಿಸಿಯೂ ಬೀಳುತ್ತದೆ. ಪರೀಕ್ಷೆಯಲ್ಲಿ ನಾವು ಅಳೆಯುವುದು ಈ ಒತ್ತಡವನ್ನು. ಆದರೆ ಒತ್ತಡವು ಎಂಜಿನ್ನಿನ ಸ್ಥಿತಿಯನ್ನಷ್ಟೇ ಅವಲಂಬಿಸಿಲ್ಲ. ಎಂಜಿನ್ ನಿಧಾನವಾಗಿ ತಿರುಗಿದರೆ ಗಾಳಿಗೆ ಸೋರಲು ಹೆಚ್ಚು ಕಾಲ ಸಿಗುತ್ತದೆ. ಲೋಹ ತಣ್ಣಗಿದ್ದರೆ ಬಿಸಿಯನ್ನು ಗೋಡೆಯೇ ಹೀರುತ್ತದೆ. ಆದಕಾರಣ ಒಳ್ಳೆಯ ಎಂಜಿನ್ ಕೂಡ ಕೆಟ್ಟ ಪರೀಕ್ಷೆಯಲ್ಲಿ ಕೆಟ್ಟ ಅಂಕಿ ಕೊಡುತ್ತದೆ.

ಗೇಜು ಮತ್ತು ಅಡಾಪ್ಟರ್

ಪೆಟ್ರೋಲ್ ಎಂಜಿನ್ನಿನ ಗೇಜು ಇಲ್ಲಿ ನಡೆಯದು. ಅದರ ಮುಳ್ಳು ಸಾಮಾನ್ಯವಾಗಿ 20 ಬಾರ್ ಸುತ್ತಮುತ್ತ ಮುಗಿಯುತ್ತದೆ. ರಬ್ಬರ್ ಮೂತಿಯನ್ನು ಕೈಯಿಂದ ಒತ್ತಿ ಹಿಡಿಯುವ ಬಗೆಯಂತೂ ಡೀಸೆಲ್ಲಿನ ಒತ್ತಡಕ್ಕೆ ಸಿಡಿದು ಅಪಾಯವಾದೀತು. ಡೀಸೆಲ್ಲಿಗೆ ಕನಿಷ್ಠ 40 ಬಾರ್ ತೋರಿಸುವ ಗೇಜು ಬೇಕು. ಜೊತೆಗೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಕೂರುವ ತೂತಿಗೆ ಸರಿಯಾಗಿ ತಿರುಚಿ ಕೂರುವ ಅಡಾಪ್ಟರ್ ಬೇಕು. ಕೆಲವು ಗೇಜುಗಳಲ್ಲಿ ಪಿ.ಎಸ್.ಐ. ಅಥವಾ ಚದರ ಸೆಂಟಿಮೀಟರಿಗೆ ಕಿಲೋ ಎಂಬ ಗುರುತು ಇರುತ್ತದೆ. 1 ಬಾರ್ ಎಂದರೆ 14.5 ಪಿ.ಎಸ್.ಐ., ಕಿಲೋ ಲೆಕ್ಕದಲ್ಲಿ 1.02. ಯಾವ ಮಾನದಲ್ಲಿ ಓದಿದೆವು ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯತಕ್ಕದ್ದು.

ಹಲವರು ಗಮನಿಸದ ಒಂದು ಸಂಗತಿ ಇದೆ. ಗೇಜಿನಲ್ಲಿ ಗಾಳಿಯನ್ನು ಹಿಂದಕ್ಕೆ ಬಿಡದ ಒಂದು ಪುಟ್ಟ ವಾಲ್ವು ಇರುತ್ತದೆ. ಅದು ಅಡಾಪ್ಟರಿನ ತುದಿಯಲ್ಲೇ, ಸಿಲಿಂಡರಿಗೆ ಹತ್ತಿರದಲ್ಲೇ ಇರಬೇಕು. ಅದು ಗೇಜಿನ ಬುಡದಲ್ಲಿದ್ದು, ನಡುವೆ 3 ಮಿ.ಮೀ. ಒಳ ಅಳತೆಯ 42 ಸೆಂ.ಮೀ. ಉದ್ದದ ಹೋಸ್ ಇದ್ದರೆ, ಆ ಹೋಸಿನೊಳಗಿನ ಸುಮಾರು 3 ಸಿ.ಸಿ. ಜಾಗವೂ ಸಿಲಿಂಡರಿನ ಭಾಗವೇ ಆಗುತ್ತದೆ. 30 ಸಿ.ಸಿ. ಇದ್ದದ್ದು 33 ಆಯಿತು. 21ಕ್ಕೆ 1 ಇದ್ದ ಪ್ರಮಾಣ 19ರ ಹತ್ತಿರಕ್ಕೆ ಇಳಿಯಿತು. 22 ಬಾರ್ ತೋರಬೇಕಾದ ಗೇಜು 20ಕ್ಕಿಂತ ಕೆಳಗೆ ನಿಂತಿತು. ಎಂಜಿನ್ನಿನಲ್ಲಿ ದೋಷವಿಲ್ಲ, ದೋಷ ಹೋಸಿನಲ್ಲಿದೆ.

ಹೊಸದಾಗಿ ತಂದ ಗೇಜನ್ನು ಸಾಧ್ಯವಾದರೆ ಮತ್ತೊಂದು ಗೇಜಿನೊಡನೆ ಒಂದೇ ಸಿಲಿಂಡರಿನ ಮೇಲೆ ತಾಳೆ ನೋಡಬೇಕು. ತಕ್ಕಡಿಯನ್ನು ಪರೀಕ್ಷಿಸದೆ ನಾವು ಅಡಿಕೆ ತೂಗಿಸುತ್ತೇವೆಯೇ?

ಪರೀಕ್ಷೆಗೆ ಮುನ್ನ ಮಾಡತಕ್ಕ ಸಿದ್ಧತೆ

1. ಬ್ಯಾಟರಿ. ಇದೇ ಎಲ್ಲಕ್ಕಿಂತ ಮುಖ್ಯ. ರಾತ್ರಿ ಪೂರ್ತಿ ಚಾರ್ಜ್ ಮಾಡಿ, ವಿಶ್ರಾಂತಿಯಲ್ಲಿ 12.6 ವೋಲ್ಟ್ ಇದೆಯೇ ನೋಡಿ. ಸ್ಟಾರ್ಟರ್ ತಿರುಗುವಾಗ ವೋಲ್ಟೇಜು 10ರ ಸುತ್ತ ನಿಲ್ಲಬೇಕು. 9ಕ್ಕೆ ಇಳಿದರೆ ಆ ದಿನದ ಪರೀಕ್ಷೆ ನಂಬತಕ್ಕದ್ದಲ್ಲ. ಇನ್ನೊಂದು ಒಳ್ಳೆಯ 12 ವೋಲ್ಟ್ ಬ್ಯಾಟರಿಯನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿಕೊಳ್ಳುವುದು ಉತ್ತಮ. ಟರ್ಮಿನಲ್‌ಗಳನ್ನೂ, ಎಂಜಿನ್ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಉಜ್ಜಿ ಶುಚಿ ಮಾಡಿ. ನಮ್ಮ ಮಳೆಗಾಲ ಕಳೆದ ಮೇಲೆ ಈ ಅರ್ತ್ ಪಟ್ಟಿ ಹಸಿರುಗಟ್ಟಿರುವುದು ಸಾಮಾನ್ಯ.

2. ಟ್ಯಾಪೆಟ್. ವಾಲ್ವಿನ ಸಂದನ್ನು ಕೈಪಿಡಿಯ ಅಳತೆಗೆ ಸರಿಪಡಿಸಿದ ಮೇಲೆಯೇ ಪರೀಕ್ಷೆ. ಸಂದು ಇಲ್ಲದ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಅಂಥ ಎಂಜಿನ್ನನ್ನು ಅಳೆಯುವುದು ಬಾಗಿಲು ತೆರೆದಿಟ್ಟು ಗೋದಾಮಿನ ಸೋರಿಕೆ ಹುಡುಕಿದಂತೆ.

3. ಎಂಜಿನ್ನಿನ ಬಿಸಿ. ಓಡುವ ವಾಹನವಾದರೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ನೀರು 70ರಿಂದ 80 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ ಪರೀಕ್ಷಿಸಿ. ಸ್ಟಾರ್ಟ್ ಆಗದ ವಾಹನವನ್ನು ತಣ್ಣಗೇ ಪರೀಕ್ಷಿಸಬೇಕಾದೀತು. ಆಗ ಸಿಲಿಂಡರ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡಬಹುದೇ ಹೊರತು, ಕೈಪಿಡಿಯ ಅಂಕಿಯೊಡನೆ ಹೋಲಿಸಿ ತೀರ್ಪು ಹೇಳಬಾರದು.

4. ಗಾಳಿಯ ದಾರಿ. ಏರ್ ಕ್ಲೀನರ್ ತೆಗೆದಿಡಿ. ಕೆಲವು ಹಳೆಯ ಪಂಪುಗಳಿಗೆ ಗಾಳಿಯಿಂದ ನಡೆಯುವ ಗವರ್ನರ್ ಇದ್ದು, ಗಾಳಿಕೊಳವೆಯಲ್ಲಿ ಚಿಟ್ಟೆಯಂಥ ಬಿಲ್ಲೆ ಇರುತ್ತದೆ. ಅದು ಪೂರ್ತಿ ತೆರೆದಿರಬೇಕು. ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಹೋಗದು.

5. ಡೀಸೆಲ್ ನಿಲ್ಲಿಸುವುದು. ಪಂಪಿನ ಸ್ಟಾಪ್ ಲಿವರನ್ನು ನಿಲ್ಲಿಸಿದ ಸ್ಥಾನದಲ್ಲಿ ಕಟ್ಟಿ, ಅಥವಾ ಸೊಲೆನಾಯ್ಡಿನ ವೈರು ಬಿಚ್ಚಿ ತುದಿಗೆ ಟೇಪು ಸುತ್ತಿ. ಡೀಸೆಲ್ ಬರುತ್ತಿದ್ದರೆ ಅಂಕಿ ಕೆಡುವುದು ಮಾತ್ರವಲ್ಲ, ತೂತಿನಿಂದ ಬೆಂಕಿಯೂ ಬಂದೀತು. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್ಲಿಗೆ ಎಂದೂ ಕೈ ಒಡ್ಡಬಾರದು. ಅದು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

6. ವಾಹನ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

ಪರೀಕ್ಷೆಯ ಕ್ರಮ

ಗ್ಲೋ ಪ್ಲಗ್‌ಗಳನ್ನು ಎಲ್ಲ ಸಿಲಿಂಡರ್‌ಗಳಿಂದಲೂ ತೆಗೆಯಬೇಕು. ಹಿಂದಿನ ಸಂಜೆಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಸುಲಭ. ಬಲಾತ್ಕಾರ ಬೇಡ, ಹೆಡ್ಡಿನಲ್ಲೇ ಮುರಿದರೆ ಪರೀಕ್ಷೆಗಿಂತ ಅದನ್ನು ತೆಗೆಯುವ ಖರ್ಚೇ ಹೆಚ್ಚಾದೀತು. ಗ್ಲೋ ಪ್ಲಗ್ ಇಲ್ಲದ ಎಂಜಿನ್‌ಗಳಲ್ಲಿ ಇಂಜೆಕ್ಟರ್ ತೂತಿನಿಂದಲೇ ಅಳೆಯಬೇಕು. ಇಂಜೆಕ್ಟರ್ ತೆಗೆದರೆ ಅದರ ಅಡಿಯ ವಾಷರನ್ನು ಹೊಸದಾಗಿ ಹಾಕತಕ್ಕದ್ದು. ಕೆಲವು ಕಂಪೆನಿಗಳ ಕೈಪಿಡಿ ಒಂದೊಂದನ್ನೇ ತೆಗೆದು ಅಳೆಯಲು ಹೇಳುತ್ತದೆ. ಅಲ್ಲಿ ಕೈಪಿಡಿಯನ್ನೇ ಅನುಸರಿಸಿ, ಏಕೆಂದರೆ ಅದರಲ್ಲಿ ಕೊಟ್ಟ ಅಂಕಿ ಆ ಕ್ರಮಕ್ಕೆ ಸಂಬಂಧಿಸಿದ್ದು.

ತೂತುಗಳು ತೆರೆದಿರುವಂತೆಯೇ ಒಮ್ಮೆ ಎಂಜಿನ್ ತಿರುಗಿಸಿ. ಒಳಗಿನ ಮಸಿ ಹಾರಿಹೋಗುತ್ತದೆ. ಆಗ ಮುಖವನ್ನು ದೂರ ಇಡಿ. ಹೀಗೆ ಮಾಡದಿದ್ದರೆ ಮಸಿಯ ಕಣವೊಂದು ಗೇಜಿನ ವಾಲ್ವಿನಲ್ಲಿ ಸಿಕ್ಕಿಕೊಂಡು ಮುಳ್ಳು ನಿಲ್ಲದಾಗುತ್ತದೆ.

ಬಳಿಕ ಮೊದಲನೆಯ ಸಿಲಿಂಡರಿಗೆ ಅಡಾಪ್ಟರ್ ಕೂರಿಸಿ. ಬುಡದಲ್ಲಿ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬಹುದು. ಒಬ್ಬರು ಸ್ಟಾರ್ಟರ್ ತಿರುಗಿಸಲಿ, ಒಬ್ಬರು ಗೇಜು ನೋಡಲಿ. ಮುಳ್ಳು ಏರುವ ಹೊಡೆತಗಳನ್ನು ಎಣಿಸಿ. ಎಂಟು ಹೊಡೆತ ಎಂದು ನಿಶ್ಚಯಿಸಿದರೆ ಎಲ್ಲ ಸಿಲಿಂಡರಿಗೂ ಎಂಟೇ. ಮೊದಲ ಹೊಡೆತಕ್ಕೆ ಎಷ್ಟು, ಕೊನೆಗೆ ಎಷ್ಟು, ಎರಡನ್ನೂ ಬರೆಯಿರಿ. ಸ್ಟಾರ್ಟರಿಗೆ ಪ್ರತಿ ಸಲವೂ ಒಂದೆರಡು ನಿಮಿಷ ವಿಶ್ರಾಂತಿ ಕೊಡಿ.

ನಾಲ್ಕೂ ಮುಗಿದ ಮೇಲೆ ಪುನಃ ಮೊದಲನೆಯದಕ್ಕೆ ಬಂದು ಇನ್ನೊಮ್ಮೆ ಅಳೆಯಿರಿ. ಪರೀಕ್ಷೆಯನ್ನೇ ಪರೀಕ್ಷಿಸುವ ಉಪಾಯ ಇದು. ಎರಡನೆಯ ಅಳತೆ ಮೊದಲಿನದರ 1 ಬಾರ್ ಒಳಗೆ ಬಂದರೆ ನಡುವಿನ ಅಂಕಿಗಳನ್ನು ನಂಬಬಹುದು. ಕೆಳಗೆ ಬಿದ್ದಿದ್ದರೆ ಬ್ಯಾಟರಿ ಇಳಿದಿದೆ, ಅಥವಾ ಎಂಜಿನ್ ಆರಿದೆ. ನಾಲ್ಕನೆಯ ಸಿಲಿಂಡರ್ ಕಡಿಮೆ ತೋರಿದ್ದು ಅದರ ದೋಷದಿಂದಲ್ಲ, ಕೊನೆಗೆ ಅಳೆದದ್ದರಿಂದ. ಹಾಗಾದಲ್ಲಿ ಅಂದಿನ ಅಂಕಿಗಳನ್ನು ಹೊಡೆದುಹಾಕಿ, ಬ್ಯಾಟರಿ ಚಾರ್ಜ್ ಮಾಡಿ ಹೊಸದಾಗಿ ಆರಂಭಿಸಿ.

ಘಟ್ಟದ ಮೇಲಿನ ಲೆಕ್ಕ

ನಮ್ಮ ಭಾಗದವರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವಿದೆ. ಕೈಪಿಡಿಯ ಅಂಕಿಗಳು ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಹತ್ತಿರದ ಗಾಳಿಗೆ ಹೊಂದುವಂಥವು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 1,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇಕಡ 89ರಷ್ಟು ಮಾತ್ರ. ಮಂಗಳೂರಿನಲ್ಲಿ 22 ಬಾರ್ ತೋರುವ ಎಂಜಿನ್ ಅಷ್ಟು ಎತ್ತರದ ತೋಟದ ಶೆಡ್ಡಿನಲ್ಲಿ ಸುಮಾರು 19.5 ತೋರುತ್ತದೆ. ಘಟ್ಟ ಹತ್ತುವಷ್ಟರಲ್ಲಿ ಎಂಜಿನ್ ಸವೆಯಲಿಲ್ಲ! ಮಡಿಕೇರಿ, ಚಿಕ್ಕಮಗಳೂರುಗಳು ಇದಕ್ಕಿಂತ ತುಸು ಮೇಲೆಯೇ ಇವೆ. ಆದಕಾರಣ ಕೈಪಿಡಿಯೊಡನೆ ಹೋಲಿಸುವ ಮೊದಲು ಪ್ರತಿ 1,000 ಮೀಟರಿಗೆ ಶೇಕಡ 11ರಷ್ಟು ರಿಯಾಯಿತಿ ಕೊಡಬೇಕು. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು ನೋಡಲು ಈ ಲೆಕ್ಕ ಬೇಕಿಲ್ಲ.

ಅಂಕಿಗಳನ್ನು ಓದುವುದು

ಎಲ್ಲ ಡೀಸೆಲ್ಲಿಗೂ ಒಂದೇ ಅಂಕಿ ಎಂಬುದು ತಪ್ಪು ಕಲ್ಪನೆ. ಮೂಲ ಓ.ಎಂ. 616 ಎಂಜಿನ್ನಿಗೆ ಹೊಸದರಲ್ಲಿ 22ರಿಂದ 24 ಬಾರ್, ಕನಿಷ್ಠ 15 ಬಾರ್, ಸಿಲಿಂಡರ್‌ಗಳ ನಡುವೆ 3 ಬಾರ್ ವ್ಯತ್ಯಾಸಕ್ಕೆ ಅವಕಾಶ. ಅದೇ ಕಾಲದ ಜರ್ಮನಿಯ ಫೋಕ್ಸ್‌ವ್ಯಾಗನ್ 1.6 ಲೀಟರ್ ಡೀಸೆಲ್ ಕಾರಿಗೆ ಹೊಸದರಲ್ಲಿ 34, ಸವೆತದ ಮಿತಿ 28, ವ್ಯತ್ಯಾಸ 5. ಅಂದರೆ 22 ಬಾರ್ ಎಂಬುದು ಒಂದಕ್ಕೆ ಯೌವನ, ಇನ್ನೊಂದಕ್ಕೆ ಮುಪ್ಪು. ನಿಮ್ಮ ವಾಹನದ ಕೈಪಿಡಿಯ ಅಂಕಿಯನ್ನು ನೋಡದೆ ಯಾರ ಮಾತನ್ನೂ ಒಪ್ಪಬೇಡಿ.

ಒಂದೇ ಸಿಲಿಂಡರ್ ಕಡಿಮೆ ಇದ್ದರೆ ವಾಲ್ವು ಅಥವಾ ರಿಂಗಿನ ಸಂಶಯ. ಮೊದಲ ಹೊಡೆತಕ್ಕೆ ಕಡಿಮೆ ಇದ್ದು ಬರಬರುತ್ತಾ ಏರಿದರೆ ರಿಂಗಿನ ಕಡೆಗೆ ಸೂಚನೆ. ಕಡಿಮೆಯಾಗಿ ಆರಂಭಿಸಿ ಅಲ್ಲಿಯೇ ತಡವರಿಸಿದರೆ ವಾಲ್ವಿನ ಕಡೆಗೆ. ಅಕ್ಕಪಕ್ಕದ ಎರಡು ಕಡಿಮೆ ಇದ್ದರೆ ಅವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ನೋಡಿ. ನಾಲ್ಕೂ ಸಮನಾಗಿ ಕಡಿಮೆ ಇದ್ದರೆ, ಎಂಜಿನ್ನನ್ನು ದೂರುವ ಮುನ್ನ ಬ್ಯಾಟರಿ, ಗೇಜು, ಹೋಸ್, ಟ್ಯಾಪೆಟ್, ಎತ್ತರ ಇವನ್ನು ಇನ್ನೊಮ್ಮೆ ನೋಡತಕ್ಕದ್ದು.

ಸಿಲಿಂಡರಿಗೆ ಎಣ್ಣೆ ಬಿಟ್ಟು ಪುನಃ ಅಳೆಯುವ ಪದ್ಧತಿ ಪೆಟ್ರೋಲ್ ಎಂಜಿನ್ನಿನಿಂದ ಬಂದದ್ದು. ಅಂಕಿ ಏರಿದರೆ ರಿಂಗು ಹೋಗಿದೆ ಎಂಬುದು ಅದರ ಅರ್ಥ. ಡೀಸೆಲ್ಲಿನಲ್ಲಿ ಇದು ಮೋಸ ಮಾಡುತ್ತದೆ. ಇರುವ ಜಾಗ 30 ಸಿ.ಸಿ. ಒಂದು ಚಹಾ ಚಮಚ, ಅಂದರೆ 5 ಸಿ.ಸಿ. ಎಣ್ಣೆ ಬಿಟ್ಟರೆ ಉಳಿಯುವುದು 25. ಪ್ರಮಾಣ 21ರಿಂದ 25ಕ್ಕೆ ಏರಿ, ರಿಂಗು ಚೆನ್ನಾಗಿದ್ದರೂ ಗೇಜು ಕಾಲುಪಾಲು ಮೇಲೆ ಹೋಗುತ್ತದೆ. ಹೆಚ್ಚು ಎಣ್ಣೆ ಬಿಟ್ಟರೆ ಪಿಸ್ಟನ್ನಿಗೆ ಹಿಂಡಲಾಗದೆ ಕನೆಕ್ಟಿಂಗ್ ರಾಡ್ ಬಾಗೀತು. ಈ ಪದ್ಧತಿಯನ್ನು ಬಿಡುವುದೇ ಲೇಸು.

ಅದರ ಬದಲು ಟಯರ್ ಅಂಗಡಿಯ ಕಂಪ್ರೆಸರಿನ ಗಾಳಿಯನ್ನು ಸಿಲಿಂಡರಿಗೆ ಕೊಟ್ಟು ಎಲ್ಲಿ ಸೋರುತ್ತದೆಂದು ಕೇಳಿ ತಿಳಿಯಬಹುದು. ಆ ಸಿಲಿಂಡರಿನ ಪಿಸ್ಟನ್ ಹಿಂಡುವ ಹೊಡೆತದ ತುದಿಯಲ್ಲಿರಬೇಕು, ಎರಡೂ ವಾಲ್ವು ಮುಚ್ಚಿರಬೇಕು. ಗಾಳಿಯ ಬಲಕ್ಕೆ ಎಂಜಿನ್ ಹಠಾತ್ತನೆ ತಿರುಗೀತು. ಆದ್ದರಿಂದ ತಿರುಗಿಸುವ ಸ್ಪ್ಯಾನರನ್ನು ತೆಗೆದಿರಬೇಕು, ಫ್ಯಾನಿನ ಬಳಿ ಯಾರ ಕೈಯೂ ಇರಬಾರದು. ಸೈಲೆನ್ಸರ್ ಕೊಳವೆಯಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವು, ಗಾಳಿಕೊಳವೆಯಲ್ಲಿ ಬಂದರೆ ಇನ್‌ಲೆಟ್ ವಾಲ್ವು, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು, ಎಣ್ಣೆ ಹಾಕುವ ಬಾಯಿಯಲ್ಲಿ ಜೋರಾಗಿ ಬಂದರೆ ರಿಂಗು. ರಿಂಗಿನಿಂದ ಅಲ್ಪ ಸದ್ದು ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಎರಡು ಅನುಭವ

ಕಳೆದ ಮಳೆಗಾಲದ ಕೊನೆಯಲ್ಲಿ ಸಂಘದ ಟ್ರ್ಯಾಕ್ಸ್ ಬೆಳಿಗ್ಗೆ ಏಳದಾಯಿತು. ಎರಡನೆಯ ಸಲದ ಬೋರ್ಡೋ ಸಿಂಪಡಣೆಗೆ ಮೈಲುತುತ್ತು ಹಂಚುವ ಕಾಲ. ಗ್ಯಾರೇಜಿನ ಅಂಕಿ 14, 13, 11, 12 ಬಾರ್ ಎಂದು ಬಂತು. ಬೋರಿಂಗಿನ ಅಂದಾಜು ಪಟ್ಟಿಯೂ ಜೊತೆಗೇ ಬಂತು. ಈ ಸಲ ನಾವು ಸಹಿ ಹಾಕುವ ಮೊದಲು ಹೋಗಿ ನಿಂತು ನೋಡಿದೆವು. ಎಂಜಿನ್ ತಣ್ಣಗಿತ್ತು. ಸ್ಟಾರ್ಟರ್ ನರಳುತ್ತಿತ್ತು. ಅಂಕಿಗಳು ಅಳೆದ ಕ್ರಮದಲ್ಲೇ ಇಳಿಯುತ್ತಾ ಹೋಗಿದ್ದವು. ವಾಹನವನ್ನು ಶೆಡ್ಡಿಗೆ ಎಳೆಸಿ ತಂದು, ಬ್ಯಾಟರಿ ಚಾರ್ಜ್ ಮಾಡಿ, ಟ್ಯಾಪೆಟ್ ಸರಿಪಡಿಸಿ, ಎಳೆದು ಸ್ಟಾರ್ಟ್ ಮಾಡಿ ಓಡಿಸಿ ಬಿಸಿ ಮಾಡಿ, ತುದಿಯಲ್ಲಿ ವಾಲ್ವಿರುವ ಅಡಾಪ್ಟರಿನಿಂದ ಅಳೆದೆವು. 19.5, 19, 15.5, 19. ಪುನಃ ಮೊದಲನೆಯದು 19.5. ನಮ್ಮ ಶೆಡ್ಡು 1,000 ಮೀಟರ್ ಎತ್ತರದಲ್ಲಿರುವುದರಿಂದ ಮೂರು ಸಿಲಿಂಡರ್‌ಗಳಿಗೆ ಏನೂ ಆಗಿರಲಿಲ್ಲ. ಮೂರನೆಯದು ಮಾತ್ರ 3 ಬಾರ್ ಮಿತಿಯನ್ನು ದಾಟಿ ಹಿಂದೆ ಉಳಿದಿತ್ತು. ಗಾಳಿ ಕೊಟ್ಟಾಗ ಸೈಲೆನ್ಸರಿನಲ್ಲಿ ಸದ್ದು. ಬಹುಕಾಲ ಸಂದಿಲ್ಲದೆ ಓಡಿ ಎಕ್ಸಾಸ್ಟ್ ವಾಲ್ವು ಸುಟ್ಟಿತ್ತು. ಹೆಡ್ ಮಾತ್ರ ಇಳಿಸಿ ಆ ವಾಲ್ವು ಬದಲಿಸಿ, ಉಳಿದವನ್ನು ಅರೆಸಿ, ಸತ್ತಿದ್ದ ಎರಡು ಗ್ಲೋ ಪ್ಲಗ್ ಹಾಕಿಸಿದೆವು. ಖರ್ಚು ಬೋರಿಂಗಿನ ಅಂದಾಜಿನ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ನಾಲ್ಕನೆಯ ದಿನ ಮೈಲುತುತ್ತು ಸದಸ್ಯರ ಮನೆ ಸೇರಿತು.

ಇದನ್ನು ಓದಿ, ಗ್ಯಾರೇಜಿನವರೆಲ್ಲ ಸುಳ್ಳು ಹೇಳುತ್ತಾರೆ ಎಂದು ಯಾರೂ ತಿಳಿಯಬಾರದು. ಎರಡನೆಯ ಅನುಭವ ಇದಕ್ಕೆ ವಿರುದ್ಧವಾದದ್ದು. ಇದೇ ಎಂಜಿನ್ನಿನ ವಾಹನವುಳ್ಳ ನಮ್ಮ ಸದಸ್ಯರೊಬ್ಬರು ಎರಡು ವರ್ಷದಲ್ಲಿ ಎರಡು ಬ್ಯಾಟರಿ, ಒಂದು ಸ್ಟಾರ್ಟರ್ ಬದಲಿಸಿದ್ದರು. ಎಂಜಿನ್ ಹೋಗಿದೆ ಎಂಬ ಮಾತನ್ನು ಕೇಳಲು ಅವರಿಗೆ ಮನಸ್ಸಿರಲಿಲ್ಲ, ಕೊಳೆರೋಗದಿಂದ ಅರ್ಧ ಫಸಲು ಉದುರಿದ ವರ್ಷ ಅದು. ನಮ್ಮ ಗೇಜಿನಿಂದ ಎಲ್ಲ ಕ್ರಮವನ್ನೂ ಪಾಲಿಸಿ ಮೂರು ಸಲ ಅಳೆದೆವು. ಮೂರು ಸಲವೂ ನಾಲ್ಕೂ ಸಿಲಿಂಡರ್‌ಗಳು 11, 12ರಲ್ಲೇ ನಿಂತವು. ಎತ್ತರದ ರಿಯಾಯಿತಿ ಕೊಟ್ಟರೂ 15 ಮುಟ್ಟಲಿಲ್ಲ. ಎಣ್ಣೆಯ ಬಾಯಿಯಿಂದ ಹೊಗೆ ಉಗಿಯುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನು ಎರಡು ವರ್ಷದ ಹಿಂದೆಯೇ ಮಾಡಿಸಬೇಕಿತ್ತು ಎಂದರು. ನಂಬತಕ್ಕ ಅಳತೆ ಯಾವಾಗಲೂ ನಮಗೆ ಬೇಕಾದ ಉತ್ತರವನ್ನೇ ಕೊಡುವುದಿಲ್ಲ. ಆದರೆ ಎರಡೂ ಕಡೆಯ ವ್ಯರ್ಥ ಖರ್ಚನ್ನು ಅದು ತಪ್ಪಿಸುತ್ತದೆ.

ಕೊನೆಯ ಮಾತು

ವಾಹನ ಚೆನ್ನಾಗಿರುವಾಗಲೇ ಒಮ್ಮೆ ಅಳೆದು ಬರೆದಿಡುವುದು ಬಹಳ ಉಪಯುಕ್ತ. ತಾರೀಕು, ಓಡಿದ ಕಿಲೋಮೀಟರ್, ನೀರಿನ ಬಿಸಿ, ಸ್ಟಾರ್ಟರ್ ತಿರುಗುವಾಗಿನ ವೋಲ್ಟೇಜು, ಯಾವ ಗೇಜು, ಪ್ರತಿ ಸಿಲಿಂಡರಿನ ಮೊದಲ ಮತ್ತು ಕೊನೆಯ ಅಂಕಿ, ಮೊದಲನೆಯದರ ಮರು ಅಳತೆ, ಇಷ್ಟನ್ನು ಮಳೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರೆ ಸಾಕು. ಎರಡು ವರ್ಷದ ಮೇಲೆ ಅದೇ ಗೇಜಿನಿಂದ ಅದೇ ಶೆಡ್ಡಿನಲ್ಲಿ ಅಳೆದಾಗ, ಕೈಪಿಡಿಗಿಂತ ಆ ಹಾಳೆಯೇ ನಿಮಗೆ ಹೆಚ್ಚು ಹೇಳುತ್ತದೆ.

ಬೋರಿಂಗ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಕೋಪಿಸಿಕೊಳ್ಳಬೇಡಿ, ಅವಸರದಿಂದ ಒಪ್ಪಲೂ ಬೇಡಿ. ಎಂಜಿನ್ ಬಿಸಿ ಇತ್ತೇ, ಬ್ಯಾಟರಿ ಎಷ್ಟಿತ್ತು, ಟ್ಯಾಪೆಟ್ ನೋಡಿದಿರಾ, ಮೊದಲನೆಯದನ್ನು ಪುನಃ ಅಳೆದಿರಾ ಎಂಬ ನಾಲ್ಕು ಪ್ರಶ್ನೆಗಳನ್ನು ಸಮಾಧಾನದಿಂದ ಕೇಳಿ. ಕೆಲಸ ಬಲ್ಲ ಮೆಕ್ಯಾನಿಕ್ ಸಂತೋಷದಿಂದ ಉತ್ತರ ಹೇಳುತ್ತಾನೆ. ಹನ್ನೆರಡು ವರ್ಷಗಳ ಹಿಂದೆ ಈ ನಾಲ್ಕರಲ್ಲಿ ಒಂದನ್ನೂ ನಾವು ಕೇಳಿರಲಿಲ್ಲ.

ಸಂಘದ ಗೇಜು ಮತ್ತು ಅಡಾಪ್ಟರ್‌ಗಳು ಕಚೇರಿಯಲ್ಲಿವೆ. ಸದಸ್ಯರು ರಿಜಿಸ್ಟರಿನಲ್ಲಿ ಬರೆದು ಒಯ್ಯಬಹುದು. ಶುಚಿ ಮಾಡಿ ಹಿಂದಿರುಗಿಸಬೇಕೆಂದು ವಿನಂತಿ.

ಕಾರ್ಯದರ್ಶಿ